ಜಿಗಿಹುಳುವಿನ ತವರು

ನಮ್ಮೂರಿನಲ್ಲಿ ಮರಗಳನ್ನು ಹಗ್ಗ ಹಾಕಿ ಮನೆಯ ಕಂಬಕ್ಕೆ ಕಟ್ಟುತ್ತಿದ್ದೆವು. ದನ ಕಟ್ಟಿದ ಹಾಗೆಯೇ, ಕುಣಿಕೆಯೂ ಅದೇ. ನಗುವವರು ನಗಲಿ. ನಮ್ಮವ್ವ ನೀರೆರೆದು ಬೆಳೆಸಿದ ಪರಂಗಿ ಮರ ಎದ್ದು ಹೋದದ್ದನ್ನು ನಾನು ಏಳು ವರ್ಷದವಳಿದ್ದಾಗ ಕಣ್ಣಾರೆ ಕಂಡವಳು. ಬೇರುಗಳನ್ನು ಒಂದೊಂದಾಗಿ ಮಣ್ಣಿನಿಂದ ಬಿಡಿಸಿಕೊಂಡು, ನೆರಿಗೆ ಎತ್ತಿ ಹಿಡಿದು ಕೆಸರು ದಾಟುವವಳ ಹಾಗೆ, ಕಾಯಿಗಳನ್ನು ಎದೆಗೆ ಅವಚಿಕೊಂಡು ಅದು ಊರಿನ ಉತ್ತರಬಾಗಿಲ ಕಡೆ ನಡೆಯಿತು. ಅದರ ಹಿಂದೆ ಅವ್ವ ನಡೆದಳು. ಹೋಗಬೇಕೆಂದು ಹೋದದ್ದಲ್ಲ, ಕಾಲು ಹೋದವು. ಕೇರಿಯ ತಿರುವಿನಲ್ಲಿ ಕತ್ತು ಮಾತ್ರ ಹಿಂದಕ್ಕೆ ಹೊರಳಿಸಿ, "ಅಕ್ಕಿ ನೆನೆ ಹಾಕಿವ್ನಿ ಕಣೇ, ದೊಡ್ಡವ್ವನ ಕೈಲಿ ರುಬ್ಬಿಸಿಡು" ಅಂದಳು. ಅಷ್ಟೇ. ಆ ಬಾಗಿಲು ದಾಟಿದವರು ಮರಳಿ ಬಂದದ್ದಿಲ್ಲ. 'ಹೊರಗಿನದು' ಎಂದು ಹೇಳಿಸಿಕೊಳ್ಳದವರ ಕಾಲು ಆ ಹೊಸಿಲನ್ನು ದಾಟುವುದೂ ಇಲ್ಲ.

ಹೇಳುವ ಜಾಗ ಪೇಟೆಯ ನಡುವೆ ಇತ್ತು: ಗುರುತಿನ ಕಟ್ಟೆ. ನಾಲ್ಕಾಳು ನಿಲ್ಲಬಹುದಾದ ಕಲ್ಲುಕಟ್ಟೆ. ಅದರ ಮೇಲೆ ನಿಂತು ಒಂದು ಜೀವದ ಸರಿಯಾದ ಗುರುತು ಹೇಳಿ, ಅದರ ತವರು ಯಾವುದೆಂದು ಹೇಳಿ, ಸಾಕಿದವರು ಯಾರೆಂದು ಹೇಳಿ, ಕೊನೆಗೆ 'ಹೊರಗಿನದು' ಅಂದರೆ ಮುಗಿಯಿತು. ಹೊರಗಿನದೂ ಹೊರಗೆ, ಸಾಕಿದ್ದೂ ಹೊರಗೆ. ಗುರುತು ತಪ್ಪಿದರೆ ಮಾತ್ರ ಮಾತು ಅಂಟುವುದಿಲ್ಲ. ಹಾಗಾಗಿ ನಮ್ಮೂರ ಮಕ್ಕಳಿಗೆ ಮೊದಲು ಕಲಿಸುತ್ತಿದ್ದ ಪಾಠ ಅ ಆ ಇ ಈ ಅಲ್ಲ, 'ಗೊತ್ತಿಲ್ಲದ್ದಕ್ಕೆ ನೀರು ಹಾಕಬೇಡ'. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಹಿತ್ತಲು ನೋಡುತ್ತಿದ್ದರು. ಅಂಗಳದಲ್ಲಿ ಹೊಸ ಮೊಳಕೆ ಕಂಡರೆ ದಾರಿಹೋಕರು ಮುಖ ತಿರುಗಿಸಿಕೊಂಡು, ಕಂಡೇ ಇಲ್ಲ ಅನ್ನುವ ಹಾಗೆ ಸಾಗುತ್ತಿದ್ದರು.

ಕಟ್ಟೆಯನ್ನು ಯಾರು ಬೇಕಾದರೂ ಹತ್ತಬಹುದು ಅನ್ನುವುದು ಕಟ್ಟಳೆ. ಹತ್ತುತ್ತಿದ್ದವರು ಮಾತ್ರ ಒಬ್ಬರೇ: ಮೇಲಿನ ಬೀದಿಯ ಗುರುತಿನಯ್ಯನವರು. ನನ್ನವ್ವನ ಪರಂಗಿಯೇ ಅವರ ಮೊದಲ ಗುರುತು. ಆಮೇಲೆ ಇಪ್ಪತ್ತನಾಲ್ಕು ವರ್ಷ ಹೇಳುತ್ತಲೇ ಇದ್ದರು. ಕುಂಬಾರ ಓಣಿಯ ಸೀಬೆಮರ ಹೋಯಿತು, ಗಾಣಿಗರ ಹಿತ್ತಲಿನ ಸೀತಾಫಲ ಹೋಯಿತು, ಅವುಗಳ ಹಿಂದೆ ಹನ್ನೊಂದು ಮನೆಗಳು ಹೋದವು. ಮೇಲಿನ ಬೀದಿಯಿಂದ ಒಂದು ಗರಿಕೆಯೂ ಎದ್ದು ಹೋಗಲಿಲ್ಲ. ಅವರ ಮನೆಗಳಲ್ಲಿ ದಿನಾ ಒಗ್ಗರಣೆಗೆ ಬೀಳುತ್ತಿದ್ದ ಒಣಮೆಣಸಿನಕಾಯಿಯ ತವರು ಯಾವುದೆಂದು ಯಾರೂ ಕೇಳಲಿಲ್ಲ.

ನಾನು ಹೊನ್ನಾಜಿ. ಹುಣಸೆಕೇರಿಯಲ್ಲಿ ಕನ್ನಡಕ ರಿಪೇರಿ ಮಾಡುವವಳು. ಕೇರಿಗೆ ಆ ಹೆಸರು ಬಂದದ್ದು ನಡುವೆ ನಿಂತ ಹುಣಸೆಮರದಿಂದ. ಅದರ ನೆರಳಿನಲ್ಲೇ ಮೂವತ್ತೆರಡು ಮನೆ. ಹಣ್ಣು ಬಡಿಯುವುದು, ಬೀಜ ಬಿಡಿಸುವುದು, ಉಂಡೆ ಕಟ್ಟುವುದು ನಮ್ಮ ಬದುಕು. ಮರಕ್ಕೆ ಯಜಮಾನತಿ ಅಂತ ಯಾರಾದರೂ ಇದ್ದರೆ ನನ್ನ ದೊಡ್ಡವ್ವ ಪುಟ್ಟಾಜವ್ವ, ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಮರಕ್ಕೆ ಏಳು ಹಗ್ಗ ಕಟ್ಟಿ, ದಿನಾ ಸಂಜೆ ಒಂದೊಂದು ಗಂಟನ್ನೂ ಎಳೆದು ನೋಡದೆ ಅವಳಿಗೆ ಊಟ ಸೇರುತ್ತಿರಲಿಲ್ಲ. "ಹಗ್ಗ ಏನೂ ತಡೆಯಾಕಿಲ್ಲ ಕಣವ್ವ ಅಂತ ನಂಗೂ ಗೊತ್ತು, ಕೈಗೊಂದು ಕೆಲಸ ಬ್ಯಾಡ್ವಾ" ಅನ್ನುತ್ತಿದ್ದಳು.

ಅದೇ ಮರದಡಿಯಲ್ಲಿ ನಮ್ಮ ಓದುಕೂಟ. ಅದನ್ನು ಕಟ್ಟಿದವನು ರದ್ದಿ ಅಂಗಡಿಯ ದಾನಪ್ಪ. ಅವನ ಅಂಗಡಿಗೆ ಬಂದ ಯಾವ ಪುಸ್ತಕವೂ ನಮಗೆ ಓದಿ ಹೇಳದೆ ತಕ್ಕಡಿ ಹತ್ತುತ್ತಿರಲಿಲ್ಲ. ಮುಖಪುಟವಿಲ್ಲದ ಕಾನೂನು, ಕೊನೆಯಿಲ್ಲದ ಕಾದಂಬರಿ, ಹಲ್ಲಿನ ಡಾಕ್ಟರು ಬರೆದ ಪ್ರವಾಸಕಥೆ, ಎಲ್ಲ ಓದಿದ್ದೇವೆ. ಹಗ್ಗ ಕಟ್ಟುವುದು ದೊಡ್ಡವ್ವನಿಂದ ಕಲಿತೆ. ಹಗ್ಗ ಯಾಕೆ ಕಟ್ಟಬೇಕಾಗಿದೆ ಅಂತ ಕೇಳುವುದನ್ನು ಕಲಿತದ್ದು ಆ ಕೂಟದಲ್ಲಿ.

ಈ ವರ್ಷ ಶ್ರಾವಣದ ಹೊತ್ತಿಗೆ ಮರದ ಎಳೆಕೊಂಬೆಗಳ ಮೇಲೆ ಬಿಳಿ ಧೂಳಿನಂಥದ್ದು ಕಾಣಿಸಿತು. ಹತ್ತಿರ ಹೋದರೆ ಧೂಳಲ್ಲ, ಹುಳ. ಎಳ್ಳಿಗಿಂತ ಸ್ವಲ್ಪ ದೊಡ್ಡ ಮರಿಗಳು. ಹಿಂದೆ ಮೇಣದ ಎಳೆಗಳನ್ನು ಗರಿಯ ಹಾಗೆ ಬಿಚ್ಚಿಕೊಂಡು ಪುಟ್ಟ ಬಿಳಿ ನವಿಲುಗಳಂತೆ ಕೂತಿದ್ದವು. ಬೆರಳು ತಂದರೆ ಟಣ್ಣನೆ ಜಿಗಿದು ಮಾರು ದೂರ. "ಜಿಗಿಹುಳ ಕಣ್ರೋ!" ಎಂದು ಕೇರಿಯೇ ಮರದ ಕೆಳಗೆ ನೆರೆದು ನಕ್ಕಿತು. ನಗು ಮೂರು ದಿನವೂ ಉಳಿಯಲಿಲ್ಲ. ನಾಲ್ಕನೆಯ ದಿನ ಡಂಗುರ ಬಂತು: "ಹುಣಸೆಕೇರಿಯ ಮರದ ಹುಳುವಿನ ಗುರುತು, ಬರುವ ಸೋಮವಾರ ಮಧ್ಯಾಹ್ನ, ಕಟ್ಟೆಯ ಮೇಲೆ. ಹುಳುವನ್ನು ಸಾಕಿದ್ದು ಮರ, ಮರವನ್ನು ಸಾಕಿದ್ದು ಕೇರಿ, ಕೇಳ್ರಪ್ಪೋ ಕೇಳಿ!"

ಇನ್ನು ಬಿಡಿಸಿ ಹೇಳುವುದೇನು. ಮೇಲಿನ ಬೀದಿಯವರಿಗೆ ದೋಣಿ ಬಿಟ್ಟು ಆಡಲು ಒಂದು ಕೊಳ ಬೇಕಾಗಿತ್ತು. ಕೊಳಕ್ಕೆ ತಗ್ಗು ಜಾಗ ಬೇಕಾಗಿತ್ತು. ಊರಿನಲ್ಲಿ ತಗ್ಗಿನಲ್ಲಿ ಇದ್ದವರು ನಾವು. ನಮ್ಮನ್ನು ಎಬ್ಬಿಸಲು ಎಳ್ಳಿನಷ್ಟು ಹುಳ ಸಾಕಾಯಿತು.

ಆ ಸಂಜೆ ಓದುಕೂಟಕ್ಕೆ ಮೂವತ್ತೆರಡು ಮನೆಯೂ ಬಂತು. ದಾನಪ್ಪ ಎರಡು ಕೈಯಲ್ಲಿ ಎತ್ತಿಕೊಂಡು ಬಂದ ಪುಸ್ತಕಕ್ಕೆ ಗೆದ್ದಲು ಹಿಡಿದು ಅಂಚೆಲ್ಲ ಜಾಲರಿಯಾಗಿತ್ತು. ಗಿಡದ ರಸ ಹೀರುವ ಹುಳುಗಳ ಪುಸ್ತಕ. ಪರಭಾಷೆ, ಸಾವಿರ ಪುಟ. "ಇದನ್ನ ಆರು ವರ್ಷದಿಂದ ಮಾರಿಲ್ಲ" ಅಂದ ದಾನಪ್ಪ, "ಚಿತ್ರ ಚಂದ ಅವೆ ಅಂತ. ಇದರಲ್ಲಿ ಕುಲದ ದಾರಿ ಅಂತ ಒಂದದೆ. ಒಂದೊಂದು ನಂಬರಿನಲ್ಲೂ ಒಂದು ಪ್ರಶ್ನೆ. ಹೌದು ಅಂದ್ರೆ ಒಂದು ನಂಬರಿಗೆ ಹೋಗು, ಅಲ್ಲ ಅಂದ್ರೆ ಇನ್ನೊಂದಕ್ಕೆ. ಹೋಗ್ತಾ ಹೋಗ್ತಾ ಹುಳದ ಮನೆ ಬಾಗಿಲು ಸಿಕ್ತದೆ."

"ನಾವೇ ಗುರುತು ಹಿಡಿಯೋಣ ಅಂತೀಯಾ?" ಅಂದೆ.

"ಕಟ್ಟೆ ಯಾರು ಬೇಕಾದ್ರೂ ಹತ್ತಬೌದು ಅಂತ ಕಟ್ಟಳೆ ಪುಸ್ತಕದಲ್ಲಿ ನಾವೇ ಓದ್ಲಿಲ್ವಾ? ಇದು ಇಲ್ಲೇ ಹುಟ್ಟಿದ ಹುಳ ಅಂತ ನಾವು ಮೊದಲು ತೋರಿಸಿಬುಟ್ರೆ ಅಯ್ಯನ ಬಾಯಿ ಬಂದ್."

ಹೊಗೆಸೊಪ್ಪಿನ ತಗಡಿನ ಡಬ್ಬಿಯ ತಳ ಕತ್ತರಿಸಿ, ಮುದುಕರ ಕನ್ನಡಕದ ಮೂರು ದಪ್ಪ ಗಾಜುಗಳನ್ನು ಒಂದರ ಮೇಲೊಂದು ಕೂರಿಸಿ ನೋಡುಕೊಳವೆ ಮಾಡಿದೆ. ಮಾರನೆಯ ಬೆಳಿಗ್ಗೆ ಬಿಸಿಲು ಬಲಿಯುತ್ತಿದ್ದಂತೆ ಕೂಟ ಶುರುವಾಯಿತು. ಉಂಡೆ ಕಟ್ಟುವ ಕೈ ನಿಲ್ಲಿಸದೆ ಹೆಂಗಸರು ಕೂತರು. ದಾನಪ್ಪ ಒಂದೊಂದು ಸಾಲನ್ನು ನಮ್ಮ ಮಾತಿಗೆ ತಿರುಗಿಸಿ ಕೂಗುತ್ತಿದ್ದ, ನಾನು ಕೊಳವೆಗೆ ಕಣ್ಣಿಟ್ಟು ಉತ್ತರ ಹೇಳುತ್ತಿದ್ದೆ, ಉತ್ತರ ಬಂದೊಡನೆ ಕೇರಿಯೆಲ್ಲ ಒಟ್ಟಿಗೆ ಮುಂದಿನ ನಂಬರು ಕೂಗುತ್ತಿತ್ತು.

"ಮೀಸೆ ಎಲ್ಲದೆ? ಕಣ್ಣಿನ ನಡುವೆಯೋ, ಕೆಳಗೋ?"

"ಕೆಳಗೆ!"

"ಕೆಳಗೆ ಅಂದ್ರೆ ಇದು ಎಲೆಹುಳದ ಪೈಕಿ ಅಲ್ಲ, ನಿಜವಾದ ಜಿಗಿಹುಳುವೇ. ನಡೀರಿ ಹದಿನಾಲ್ಕಕ್ಕೆ!"

"ಹದಿನಾಲ್ಕಕ್ಕೆ!" ಅಂದಿತು ಕೇರಿ.

"ಹಿಂಗಾಲಿನ ಮುಳ್ಳು ಎಣಿಸು ಹೊನ್ನಾಜಿ."

"ಎರಡು... ತಡಿ, ಜಿಗಿದುಬುಡ್ತು. ಹಿಡೀರಿ ಅದನ್ನ! ದೊಡ್ಡವ್ವ, ನಿನ್ನ ತಲೆ ಮೇಲೆ!"

"ನನ್ನ ತಲೇಲಿ ಇರೋವೇ ಸಾಲದೂಂತ ಇದು ಬ್ಯಾರೆ" ಎಂದು ದೊಡ್ಡವ್ವ ತಲೆ ಒದರಿದಳು. ಕೇರಿ ಬಿದ್ದು ಬಿದ್ದು ನಕ್ಕಿತು. ನಾನು ಹಾಗೆ ನಗು ಕೇಳಿ ವರ್ಷಗಳಾಗಿದ್ದವು. ನಮ್ಮನ್ನು ಹೊರಗೆ ಹಾಕಲು ಬಂದ ಹುಳದ ಕಾಲು ಎಣಿಸುತ್ತ ನಾವು ಹಬ್ಬ ಮಾಡುತ್ತಿದ್ದೆವು.

ನಲವತ್ತೊಂದನೆಯ ನಂಬರಿನಲ್ಲಿ ದಾರಿ ಕಟ್ಟಿಹೋಯಿತು. ದಾನಪ್ಪ ಓದಿ ತಲೆ ಕೆರೆದುಕೊಂಡ. "ಮರಿಯನ್ನು ನೋಡಿ ಕುಲ ಹೇಳಬಾರದು ಅಂತ ಬರೆದವ್ನೆ. ಮರಿಗಳೆಲ್ಲ ಒಂದೇ ಥರ ಇರ್ತವಂತೆ. ಬೆಳೆದ ಗಂಡೇ ಆಗಬೇಕು."

"ಹುಳದ ಪುಸ್ತಕ ಬರೆದೋನಿಗೆ ಇರೋ ಬುದ್ಧಿ ನಮ್ಮೂರೋರಿಗೆ ಇಲ್ವಲ್ಲೋ" ಅಂದಳು ದೊಡ್ಡವ್ವ, ಹುಣಸೆ ಉಂಡೆಯನ್ನು ಮೊರಕ್ಕೆ ಎಸೆಯುತ್ತ. "ಇಲ್ಲಿ ತೊಟ್ಟಿಲಲ್ಲಿರೋ ಕೂಸು ನೋಡಿ ಕುಲ ಹೇಳಿಬುಡ್ತಾರೆ."

ಬೆಳೆದ ಹುಳಕ್ಕೆ ಬಿಳಿ ಗರಿ ಉದುರಿಹೋಗಿರುತ್ತದೆ. ಅದರ ಬದಲಿಗೆ ರೆಕ್ಕೆ. ಕಂದು ಬಣ್ಣ, ಅಂಚಿನಲ್ಲಿ ಕಿಟಕಿಯ ಗಾಜಿನಂತೆ ಪಾರದರ್ಶಕವಾದ ಎರಡು ಕಲೆ. ತೊಗಟೆಯ ಮೇಲೆ ಕೂತರೆ ತೊಗಟೆಯೇ. ಎರಡು ದಿನ ಹುಡುಕಿ ಮೂರು ಗಂಡು ಹಿಡಿದೆವು. ಪುಸ್ತಕ ಹೇಳಿದ ಹಾಗೆ ಹಿಂಭಾಗದ ತುದಿಯನ್ನು ಕ್ಷಾರದ ನೀರಿನಲ್ಲಿ ಕಾಯಿಸಬೇಕಾಗಿತ್ತು. ದೊಡ್ಡವ್ವ ತನ್ನ ಒಲೆಯ ಬೂದಿ ಕದಡಿ ತಿಳಿ ತೆಗೆದು ಕಬ್ಬಿಣದ ಸೌಟಿನಲ್ಲಿ ಕುದಿಸಿದಳು. ಏನು ಕುದಿಸುತ್ತಿದ್ದೇವೆ, ಯಾಕೆ ಅಂತ ದಾನಪ್ಪ ವಿವರಿಸಲು ಹೋಗಿ ತೊದಲಿದ.

"ಅಂದ್ರೆ... ಗಂಡಿನ ಒಳಗಡೆ ಕೊಂಡಿ ಇರ್ತವೆ. ಹೆಣ್ಣಿನ ಜೊತೆ ಸೇರುವಾಗ... ಆ ಕೊಂಡಿಯ ಆಕಾರದಿಂದಲೇ ಕುಲ ಗೊತ್ತಾಗೋದು."

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. "ಅಯ್ಯೋ ನಾಚಿಕೆಗೆಟ್ಟ ಶಾಸ್ತ್ರವೇ! ಗಂಡಸಿನ ಗುಟ್ಟು ಬೇಯಿಸಿ ಕುಲ ನೋಡೋದಾ? ದಾನಪ್ಪಾ, ನಿಂದೂ ಒಂದ್ಸಲ ನೋಡುವಾ, ಯಾವ ಕುಲ ಅಂತ ನಮಗಿನ್ನೂ ತಿಳಿದಿಲ್ಲ" ಅಂದಳು ದೊಡ್ಡವ್ವ. ದಾನಪ್ಪ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡ.

ನಾನು ಗಾಜಿನ ಚೂರಿನ ಮೇಲೆ ಆ ತುದಿಯನ್ನು ಸೂಜಿಯಿಂದ ಬಿಡಿಸಿ ಕೊಳವೆಗೆ ಕಣ್ಣಿಟ್ಟೆ. ಮೊದಲು ಮಬ್ಬು. ಉಸಿರು ಹಿಡಿದೆ. ಮಬ್ಬು ತಿಳಿಯಾಯಿತು. ಎರಡು ಕೊಂಡಿ. ಒಂದು ನೆಟ್ಟಗೆ ಈಟಿಯ ಹಾಗೆ. ಇನ್ನೊಂದು ಟಗರಿನ ಕೋಡಿನಂತೆ ಸುತ್ತಿ, ತುದಿಯಲ್ಲಿ ಹಾವಿನ ನಾಲಿಗೆಯ ಹಾಗೆ ಸೀಳಿತ್ತು. ಬಾಯಿಬಿಟ್ಟು ಹೇಳಿದೆ. ದಾನಪ್ಪನ ಬೆರಳು ಪುಟದ ಮೇಲೆ ಓಡಿತು, ನಿಂತಿತು. ಚಿತ್ರವನ್ನು ನನ್ನ ಕಡೆ ತಿರುಗಿಸಿದ. ಅದೇ ಈಟಿ, ಅದೇ ಕೋಡು, ಅದೇ ಸೀಳು! ಯಾವುದೋ ದೂರದೇಶದಲ್ಲಿ ಯಾರೋ ಒಬ್ಬರು ನನ್ನ ಹಾಗೆಯೇ ಉಸಿರು ಹಿಡಿದು ನೋಡಿ ಬರೆದದ್ದು ನನ್ನ ಕೈಯಲ್ಲಿದ್ದ ಹುಳುವಿಗೆ ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲದೆ ಹೊಂದಿತ್ತು. "ಸಿಕ್ತು!" ಎಂದು ಕಿರುಚಿದೆ. ಕೇರಿ ಎದ್ದು ನಿಂತು ಕೂಗಿತು. ಮೊರಗಳು ಮಗುಚಿಬಿದ್ದವು.

ದಾನಪ್ಪ ಮಾತ್ರ ಕೂಗಲಿಲ್ಲ. ಚಿತ್ರದ ಕೆಳಗಿನ ಸಾಲು ಓದುತ್ತಿದ್ದ. "ತವರು... ಆಫ್ರಿಕಾ" ಅಂದ.

ಗಲಾಟೆ ಒಂದೇ ಸಲಕ್ಕೆ ಅಡಗಿತು. ಹೊರಗಿನದು. ಅಯ್ಯನವರು ಹೇಳಲು ಹೊರಟದ್ದೇ ನಿಜವಾಗಿತ್ತು. ನಾವು ಗೆದ್ದು ಸೋತಿದ್ದೆವು. ದೊಡ್ಡವ್ವ ಎದ್ದು ಹೋಗಿ, ಸಂಜೆಗೆ ಇನ್ನೂ ಹೊತ್ತಿದ್ದರೂ, ಹಗ್ಗದ ಗಂಟುಗಳನ್ನು ಎಳೆಯತೊಡಗಿದಳು.

ಶನಿವಾರ ನನಗೆ ಮೇಲಿನ ಬೀದಿಯಲ್ಲಿ ಕೆಲಸವಿತ್ತು. ಗುರುತಿನಯ್ಯನವರ ಕನ್ನಡಕದ ಕಡ್ಡಿ ಮುರಿದು ನನ್ನ ಹತ್ತಿರ ಬಂದಿತ್ತು. ಆರು ವರ್ಷದಿಂದ ಅದನ್ನು ರಿಪೇರಿ ಮಾಡುತ್ತಿದ್ದವಳು ನಾನೇ, ಆದರೆ ಅವರ ಮುಖವನ್ನು ಹತ್ತಿರದಿಂದ ಕಂಡವಳಲ್ಲ. ಹಿತ್ತಿಲ ಬಾಗಿಲಿನ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯಬೇಕು, ಅವರ ಮನೆಯ ಆಳು ನೀರು ಚಿಮುಕಿಸಿ ಒಳಗೆ ಒಯ್ಯುತ್ತಾನೆ. ಈ ಸಲವೂ ಹೇಳಿದೆ: "ಅಣ್ಣಾ, ಗಾಜಿನ ನಂಬರು ಹಳೇದಾಗ್ಯದೆ. ಅವರನ್ನ ಒಂದ್ಸಲ ಕೂರಿಸಿ, ಗಲ್ಲ ಹಿಡಿದು, ಒಂದೊಂದೇ ಗಾಜು ಇಟ್ಟು ನೋಡಬೇಕು."

"ಗಲ್ಲ ಹಿಡಿದಾ? ನೀನಾ?" ಆಳು ಸುತ್ತ ನೋಡಿ ನಕ್ಕ. "ಕುರುಡಾದರೂ ಆದಾರು, ಅದು ಮಾತ್ರ ಆಗಾಕಿಲ್ಲ. ನಡಿ ನಡಿ."

ನಡೆದೆ. ಹಿತ್ತಿಲಿನ ಆಚೆ ಕಣ್ಣು ಹಾಯುವವರೆಗೂ ಮೇಲಿನ ಬೀದಿಯವರ ರಾಗಿ ಹೊಲ. ಆ ಪೈರಿನ ಮೇಲೆ ಬಿಳಿ ಧೂಳು.

ನಿಂತೆ. ಬಗ್ಗಿದೆ. ಬಿಳಿ ನವಿಲುಗಳು! ಒಂದಲ್ಲ ಎರಡಲ್ಲ, ಬುಡದಿಂದೊಡೆದ ತೆಂಡೆ ತೆಂಡೆಗೂ. ಆದರೆ ಮರಿ ನೋಡಿ ಹೇಳಬಾರದಲ್ಲ. ಹಿಡಿದು ನೋಡಲು ಕೊಳವೆ ತಂದಿರಲಿಲ್ಲ. ಆಗ ಪುಸ್ತಕದ ಇನ್ನೊಂದು ಸಾಲು ನೆನಪಾಯಿತು: ಈ ಹುಳುಗಳು ಹಾಡುತ್ತವೆ, ಗಾಳಿಗಲ್ಲ, ಗಿಡದ ಕಾಂಡಕ್ಕೆ, ಕಾಂಡವನ್ನು ಹಲ್ಲಿನಲ್ಲಿ ಕಚ್ಚಿದರೆ ಕೇಳುತ್ತದೆ, ಒಂದೊಂದು ಕುಲಕ್ಕೂ ಒಂದೊಂದು ಹಾಡು. ಹುಣಸೆಕೊಂಬೆ ಕಚ್ಚಿ ನಾವೆಲ್ಲ ಆ ಹಾಡು ಕೇಳಿದ್ದೆವು. ಮೂರು ಸಣ್ಣ ಬಡಿತ, ಒಂದು ಉದ್ದನೆ ಗುಂಯ್. ಮೂರು ಸಣ್ಣದು, ಒಂದು ಉದ್ದ. ನಾನು ಅಯ್ಯನವರ ಹೊಲದ ಬದುವಿನ ಮೇಲೆ ಮಂಡಿಯೂರಿ, ಒಂದು ರಾಗಿ ದಂಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಕೆನ್ನೆಯ ಮೂಳೆಯೊಳಗೆ, ಕಿವಿಯ ಬುಡದಲ್ಲಿ, ತಲೆಬುರುಡೆಯ ತುಂಬ ಕೇಳಿತು. ಮೂರು ಸಣ್ಣದು. ಒಂದು ಉದ್ದ.

ಎರಡು ಕೈಯಲ್ಲೂ ಲಂಗ ಎತ್ತಿ ಹಿಡಿದು ಓಡುವ ಹುಡುಗಿಯ ಹಾಗೆ ಓಡಿದೆ. ಮೂವತ್ತೊಂದು ವರ್ಷದವಳು, ಪೇಟೆಯ ನಡುವೆ, ಬಾಯಲ್ಲಿ ರಾಗಿ ದಂಟು ಕಚ್ಚಿಕೊಂಡು.

ದಾನಪ್ಪ ಎಲ್ಲ ಕೇಳಿಸಿಕೊಂಡ. ಆಮೇಲೆ ಅಂಗಡಿಯ ಅಟ್ಟದಿಂದ ನಾಲ್ಕು ಹಾಳೆ ಇಳಿಸಿದ. ಎರಡು ವರ್ಷದ ಹಿಂದೆ ಕೂಟದಲ್ಲಿ ಓದಿ, ಮುಖ ಮುಖ ನೋಡಿಕೊಂಡು, ಬಾಯಿಬಿಡಬಾರದೆಂದು ಎತ್ತಿಟ್ಟಿದ್ದ ಹಾಳೆಗಳು. ಯಾವ ಬೆಳೆಯ ತವರು ಯಾವುದೆಂದು ಅದರಲ್ಲಿತ್ತು. ಹುಣಸೆ: ಆಫ್ರಿಕಾ. ರಾಗಿ: ಆಫ್ರಿಕಾ.

"ನಾವು ಹುಳದ ಗುರುತು ಹುಡುಕ್ತಾ ಕೂತಿದ್ವಿ" ಅಂದ ದಾನಪ್ಪ, ಮೆಲ್ಲಗೆ. "ಅದು ಇಲ್ಲಿಗೆ ಬಂದು, ಊರೆಲ್ಲ ತಡಕಿ, ತನ್ನ ತವರಿನ ಎರಡು ಗಿಡಾನ ಗುರುತು ಹಿಡಿದು ಕೂತದೆ."

ನಾನು ಹೇಳಿದೆ: "ಹುಳಾನ ಸಾಕಿದ್ದು ಹುಣಸೆ ಒಂದೇ ಅಲ್ಲ. ರಾಗಿಯೂ ಸಾಕ್ಯದೆ. ರಾಗಿ ಸಾಕಿದೋರು ಯಾರು? ಬಿತ್ತಿಸಿದೋರು ಮೇಲಿನ ಬೀದಿ, ಬಿತ್ತಿದೋರು ನಾವು, ಗೊಬ್ಬರ ಹಾಕಿದ ದನ, ಕಳೆ ಕಿತ್ತೋರು, ಕೊಯ್ದೋರು, ಬೀಸಿದೋರು. ಈ ಊರಲ್ಲಿ ಉಳಿಯೋದು ಯಾರು?"

ಬಾಗಿಲಿನ ಆಚೆ ಏನಿದೆಯೆಂದು ನಮಗಾರಿಗೂ ಗೊತ್ತಿರಲಿಲ್ಲ. ಎಲ್ಲರೂ ದೊಡ್ಡವ್ವನ ಕಡೆ ನೋಡಿದರು. ಮರ ಅವಳದು. ಅವಳು ಹಗ್ಗ ಎಳೆದೆಳೆದು ದಡ್ಡುಗಟ್ಟಿದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇಪ್ಪತ್ನಾಕು ವರ್ಷ ಕಟ್ಟಿವ್ನಿ" ಅಂದಳು. "ಸಾಕು. ಅಯ್ಯ ಗುರುತು ತಪ್ಪಿದ್ರೂ ನೀನು ಬುಡಬ್ಯಾಡ ಮಗಳೇ. ಹತ್ತು. ಎಲ್ಲಾನೂ ಹೇಳು."

ಸೋಮವಾರ ಮಧ್ಯಾಹ್ನ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಲಿನ ಬೀದಿಯವರು ಕೊಳದ ನಕ್ಷೆಯನ್ನೂ ತಂದಿದ್ದರು. ಗುರುತಿನಯ್ಯನವರು ಕಟ್ಟೆ ಹತ್ತಿ, ನಾನು ಕಡ್ಡಿ ಹಾಕಿಕೊಟ್ಟ ಕನ್ನಡಕವನ್ನು ಏರಿಸಿ, ಹುಣಸೆಕಡ್ಡಿಯ ಮೇಲಿನ ಒಂದು ಹುಳುವನ್ನು ಎತ್ತಿ ಹಿಡಿದರು. ಮರಿ! ಬಿಳಿ ಗರಿಯ ಮರಿ!

"ಎಲ್ಲರೂ ಕಾಣಿರಿ. ಬಿಳಿಯ ರೆಕ್ಕೆಗಳು" ಅಂದರು. ಆರು ವರ್ಷ ಹಳೆಯ ನಂಬರಿಗೆ ಮೇಣದ ಎಳೆ ರೆಕ್ಕೆಯಾಗಿ ಕಂಡಿತ್ತು. "ರೆಕ್ಕೆ ಬಿಳಿ, ಆದ್ದರಿಂದ ಇದು ಹಿಮದ ಸೀಮೆಯ ಹುಳು. ಇದನ್ನು ಸಾಕಿದ್ದು ಹುಣಸೆ, ಹುಣಸೆಯನ್ನು ಸಾಕಿದ್ದು ಕೇರಿ. ಹೊರಗಿನದು!"

ಹುಳು ಕದಲಲಿಲ್ಲ. ಕೇರಿಯ ಕಡೆ ಒಂದು ಎಲೆಯೂ ಅಲುಗಲಿಲ್ಲ.

"ಹೊರಗಿನದು!" ಎಂದರು ಇನ್ನೊಮ್ಮೆ, ದನಿ ಏರಿಸಿ. ಹುಳು ಟಣ್ಣನೆ ಜಿಗಿದು ಅವರ ಮೂಗಿನ ಮೇಲೆ ಕೂತು ಗರಿ ಬಿಚ್ಚಿತು.

ನಗು ಹಿಂದಿನಿಂದ ಶುರುವಾಗಿ ಮುಂದಕ್ಕೆ ಉಕ್ಕಿ ಬಂತು. ಕುಂಬಾರ ಓಣಿಯವರು ಶಿಳ್ಳೆ ಹಾಕಿದರು. ನಮ್ಮ ಪಕ್ಕದಲ್ಲಿದ್ದ ಗಾಣಿಗರ ಮುದುಕ ನನ್ನ ತೋಳು ಹಿಡಿದು, "ಉಳ್ಕೊಂಡ್ರಿ ಬುಡವ್ವ, ನಡೀರಿ ಮನೆಗೆ" ಅಂದ. ಅಯ್ಯನವರು ಮೂಗು ಒರೆಸಿಕೊಳ್ಳುತ್ತ, "ಬರುವ ಸೋಮವಾರ ಮತ್ತೆ ನೋಡೋಣ. ಅದಾಗದಿದ್ದರೆ ಅದರಾಚೆಯ ಸೋಮವಾರ" ಅಂದರು. ಬರುವ ಸೋಮವಾರ! ನಮ್ಮ ಬದುಕೆಲ್ಲ ಹಾಗೆ ಬರುವ ಸೋಮವಾರಕ್ಕೆ ಹಗ್ಗ ಕಟ್ಟಿಕೊಂಡು ಕೂತದ್ದೇ ಅಲ್ಲವೇ. ನಾನು ತೋಳು ಬಿಡಿಸಿಕೊಂಡು ಕಟ್ಟೆ ಹತ್ತಿದೆ.

"ಇಳಿ! ನಿನಗೇನು ತಿಳಿಯುತ್ತದೆ?" ಅಂದರು ಅಯ್ಯನವರು, ಎರಡು ಹೆಜ್ಜೆ ಹಿಂದೆ ಸರಿದು.

"ನಿಮ್ಮ ಕನ್ನಡಕದ ನಂಬರು ತಿಳೀತದೆ ಅಯ್ಯ. ಅದು ಹುಳ ನೋಡೋಕೆ ಸಾಲದು" ಅಂದು ಜನರ ಕಡೆ ತಿರುಗಿದೆ. ಬೆಳೆದ ಗಂಡುಹುಳುವನ್ನು ಎತ್ತಿ ತೋರಿಸಿದೆ. ಮೀಸೆ ಕಣ್ಣಿನ ಕೆಳಗೆ ಅಂದೆ. ಕಟ್ಟೆಯ ಕೆಳಗಿನಿಂದ ಕೇರಿ ಕೂಗಿತು: "ಹದಿನಾಲ್ಕಕ್ಕೆ!" ಹಿಂಗಾಲಿನ ಮುಳ್ಳು, ರೆಕ್ಕೆಯ ಗೆರೆ, ಗಾಜಿನ ಕಲೆ, ಒಂದೊಂದಕ್ಕೂ ಕೇರಿ ನಂಬರು ಕೂಗಿತು, ಕೂಗುತ್ತ ಕೂಗುತ್ತ ಕುಂಬಾರ ಓಣಿಯೂ ಸೇರಿಕೊಂಡಿತು. ನೆಟ್ಟಗಿನ ಕೊಂಡಿ ಹೇಳಿದೆ, ಸೀಳುತುದಿಯ ಕೋಡು ಹೇಳಿದೆ. "ತವರು, ಆಫ್ರಿಕಾ!"

ಅಂಗೈಯೊಳಗಿನ ಹುಳು ಉತ್ತರಬಾಗಿಲ ಕಡೆಗೆ ಮುಖ ತಿರುಗಿಸಿತು. ಗುರುತು ಅಂಟಿತ್ತು.

"ಇದನ್ನ ಸಾಕಿದ್ದು ಹುಣಸೆ" ಅಂದೆ. ಕೇರಿಯ ಕಡೆಯಿಂದ ಏಳು ಹಗ್ಗಗಳು ಬಿಗಿದ ಕಿರ್ ಸದ್ದು. ಮೇಲಿನ ಬೀದಿಯವರ ಮುಖ ಅರಳಿತು. ಒಬ್ಬರು ನಕ್ಷೆ ಬಿಚ್ಚಿದರು.

"ಇನ್ನೂ ಮುಗಿದಿಲ್ಲ" ಎಂದು ಸೆರಗಿನಿಂದ ರಾಗಿ ದಂಟು ತೆಗೆದೆ. "ಇದು ಅಯ್ಯನವರ ಹೊಲದ್ದು. ಹುಳ ಇದರ ಮೇಲೂ ಅದೆ, ಹಾಡೂ ಅದೇ. ಅನುಮಾನ ಇದ್ದೋರು ಕಚ್ಚಿ ನೋಡಿ." ಗಾಣಿಗರ ಮುದುಕ ಹಲ್ಲಿಲ್ಲದ ಬಾಯಲ್ಲೇ ಕಚ್ಚಿ, ಕಣ್ಣರಳಿಸಿ, "ಹೂಂ" ಅಂದ.

ನಕ್ಷೆ ಬಿಚ್ಚಿದ ಕೈ ಹಾಗೇ ನಿಂತಿತು. ಅಯ್ಯನವರಿಗೆ ಅರ್ಥವಾದದ್ದು ಎಲ್ಲರಿಗಿಂತ ಮೊದಲು. ಇಪ್ಪತ್ತನಾಲ್ಕು ವರ್ಷ ಆ ಮಾತನ್ನು ಆಡಿದವರಲ್ಲವೇ. ಮೊಟ್ಟಮೊದಲ ಸಲ ನನ್ನ ಹತ್ತಿರಕ್ಕೆ ಬಂದರು. "ಬೇಡಮ್ಮಾ" ಅಂದರು. "ಕೊನೆಯ ಮಾತು ಹೇಳಬೇಡ. ಹಾಗೇ ಇಳಿದುಬಿಡು. ಬಂದದ್ದು ಬಂತು, ಇಲ್ಲಿಯದೇ ಆಯಿತು, ಅಂದುಕೊಂಡು ಎಲ್ಲರೂ ಇದ್ದುಬಿಡೋಣ."

"ಪರಂಗಿಗೂ ಹಾಗೇ ಅಂದುಕೋಬೌದಿತ್ತಲ್ಲ ಅಯ್ಯ?"

ನಾನು ದೊಡ್ಡವ್ವನನ್ನು ನೋಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದೂರ ಹೊರಟವಳ ಹಾಗೆ ನಿಂತಿದ್ದಳು.

"ರಾಗಿ ಸಾಕಿದ್ದು ಈ ಊರು" ಅಂದೆ. "ಹೊರಗಿನದು!"

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹೊಲಗಳ ಕಡೆಯಿಂದ ಸರಸರ ಸದ್ದು ಎದ್ದಿತು, ಸಾವಿರ ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು ನಡೆದ ಹಾಗೆ. ರಾಗಿ ಪೈರು ಬೀದಿಗಿಳಿದು ಬಂತು. ಕಣಜಗಳು ಉರುಳಿ ಬಂದವು, ಬೀಸುಕಲ್ಲುಗಳು ಕುಂಟುತ್ತ ಕುಂಟುತ್ತ ಹಿಂದೆ ಬಂದವು. ಎತ್ತುಗಳು, ಕಣ, ಕೊಟ್ಟಿಗೆ. ಮೇಲಿನ ಬೀದಿಯ ಅಡುಗೆಮನೆಗಳ ಅಟ್ಟದಿಂದ ಹುಣಸೆಹಣ್ಣಿನ ಜಾಡಿಗಳು ಧುಮುಕಿ ಹೊಸಿಲು ದಾಟಿದವು. ನಮ್ಮ ಮರ ಏಳು ಹಗ್ಗಗಳನ್ನೂ ನೂಲಿನಂತೆ ಹರಿದುಕೊಂಡು, ಕೊಂಬೆಕೊಂಬೆಯಲ್ಲೂ ಬಿಳಿ ನವಿಲು ಹೊತ್ತು, ರಾಣಿಯಂತೆ ಪೇಟೆಗೆ ಬಂತು. ಅದರ ಹಿಂದೆ ನಮ್ಮ ಕಾಲು ನಡೆದವು. ನಮ್ಮವು ಮಾತ್ರವಲ್ಲ! ನಕ್ಷೆ ಹಿಡಿದವರ ಕಾಲು, ಡಂಗುರದವನ ಕಾಲು, ನೀರು ಚಿಮುಕಿಸುವ ಆಳಿನ ಕಾಲು, ಗುರುತಿನಯ್ಯನವರ ಕಾಲು. ಯಾರು ಮುಂದೆ ಯಾರು ಹಿಂದೆ ಅಂತ ನೋಡಲು ಕಾಲಿಗೆ ಪುರುಸೊತ್ತಿರಲಿಲ್ಲ. ಕೇರಿಯ ಕೂಸು ಮೇಲಿನ ಬೀದಿಯ ಹೆಗಲ ಮೇಲಿತ್ತು. ದಾನಪ್ಪ ಸಾವಿರ ಪುಟದ ಪುಸ್ತಕವನ್ನು ತಲೆಯ ಮೇಲೆ ಹೊತ್ತು, "ಹದಿನಾಲ್ಕಕ್ಕೆ! ನಲವತ್ತೊಂದಕ್ಕೆ!" ಎಂದು ಕೂಗುತ್ತ ಮೆರವಣಿಗೆಯ ಪಕ್ಕದಲ್ಲಿ ಕುಣಿಯುತ್ತಿದ್ದ. ಉತ್ತರಬಾಗಿಲು ಸಾಲದೆ ಬಾಗಿಲುವಾಡವೇ ಕಿತ್ತು ಬಂತು. ದಾಟುವಾಗ ತಿರುಗಿ ನೋಡಿದೆ. ಒಳಗೆ ಉಳಿದದ್ದು ಕಟ್ಟೆ ಒಂದೇ. ಅದರ ಮುಂದೆ ಯಾರೂ ಇರಲಿಲ್ಲ.

ಬಾಗಿಲಿನ ಆಚೆ ಪಾತಾಳವಿರಲಿಲ್ಲ, ಕಾಡುಮೃಗವಿರಲಿಲ್ಲ. ಹೊಲವಿತ್ತು. ಸೀಬೆಯ ತೋಪು, ಸೀತಾಫಲದ ಸಾಲು, ಅವುಗಳ ನಡುವೆ ಹೆಂಚಿನ ಮನೆಗಳು, ಒಲೆಯ ಹೊಗೆ. ಒಂದು ಮರಕ್ಕೂ ಹಗ್ಗವಿರಲಿಲ್ಲ. ಪರಂಗಿ ತೋಟದ ಮುಂದೆ ನೆರೆತ ಕೂದಲಿನ ಹೆಂಗಸೊಬ್ಬಳು ಕಣ್ಣಿಗೆ ಕೈ ಮರೆಮಾಡಿ ಈ ಮೆರವಣಿಗೆಯನ್ನು ನೋಡುತ್ತ ನಿಂತಿದ್ದಳು. ದೊಡ್ಡವ್ವ ನನ್ನನ್ನು ಮುಂದಕ್ಕೆ ತಳ್ಳಿದಳು. ಆ ಹೆಂಗಸು ನನ್ನನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದಳು.

"ಅಕ್ಕಿ ರುಬ್ಬಿಸಿಟ್ಯಾ?" ಅಂದಳು.

"ಇಟ್ಟೆ ಕಣವ್ವ" ಅಂದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ ನನ್ನ ಹಿಂದೆ ಹರಿದುಬರುತ್ತಿದ್ದ ಊರನ್ನು ನೋಡಿದಳು. ಎತ್ತು, ಬೀಸುಕಲ್ಲು, ಪೈರು, ಜನ, ಜನ, ಜನ. "ಅಯ್ಯಯ್ಯೋ ಅಕ್ಕಾ" ಅಂದಳು ದೊಡ್ಡವ್ವನಿಗೆ, "ಇಷ್ಟು ಮಂದಿಗೆ ಇವತ್ತು ಎಷ್ಟು ಸೇರು ನೆನೆ ಹಾಕೋದೇ?"

ಅಷ್ಟರಲ್ಲಿ ಯಾರೋ ಪರಂಗಿ ಬೇರಿಗೆ ಎಡವಿ ಬಿದ್ದ ಸದ್ದು. ಗುರುತಿನಯ್ಯನವರು. ಮಣ್ಣಿನ ಮೇಲೆ ಕೂತು ನೆಲ ತಡಕುತ್ತಿದ್ದರು. ಕನ್ನಡಕ ಎಲ್ಲೋ ಹಾರಿಹೋಗಿತ್ತು. ಆಳು ಹತ್ತಿರದಲ್ಲೇ ನಿಂತಿದ್ದ, ನೀರು ಚಿಮುಕಿಸಲು ಚೊಂಬಿರಲಿಲ್ಲ. ನಾನು ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವರ ಗಲ್ಲ ಹಿಡಿದು ಮುಖ ಎತ್ತಿದೆ. ಅವರ ಮೈ ಒಮ್ಮೆ ಬಿಗಿಯಿತು, ಆದರೆ ಸರಿಯಲಿಲ್ಲ. ಸೆರಗಿನ ಗಂಟಿನಿಂದ ಗಾಜುಗಳನ್ನು ತೆಗೆದು ಒಂದೊಂದಾಗಿ ಕಣ್ಣಿನ ಮುಂದೆ ಇಟ್ಟೆ. ಮೊದಲನೆಯದಕ್ಕೆ ಇಲ್ಲವೆಂದು ತಲೆಯಾಡಿಸಿದರು. ಎರಡನೆಯದಕ್ಕೂ. ಮೂರನೆಯ ಗಾಜಿಗೆ ಅವರ ಉಸಿರು ನಿಂತಿತು. ನನ್ನ ಹೆಗಲಿನಾಚೆ, ಒಂದು ಪರಂಗಿ ಎಲೆಯ ಮೇಲೆ, ಕಂದು ಬಣ್ಣದ ಬೆಳೆದ ಜಿಗಿಹುಳುವೊಂದು ಆಗತಾನೇ ಇಳಿದಿತ್ತು.

"ಹೌದಲ್ಲ" ಅಂದರು ಅಯ್ಯನವರು. "ಅದರ ರೆಕ್ಕೆ ಬಿಳಿ ಅಲ್ಲ."